ತಾರಸಿ ಹಾರುವ ಆಟ

ನನ್ನ ಮಗಳು ಕಾಲೇಜಿನಲ್ಲಿ ವಿಡಿಯೋ ಗೇಮ್ ಪಾಠ ಮಾಡುತ್ತಾಳೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ನನ್ನ ಮುಖ ನೋಡಿ, ಮುದುಕಿಗೆ ಏನೋ ತಪ್ಪು ತಿಳಿದಿರಬೇಕು ಎಂದು ಸುಮ್ಮನಾಗುತ್ತಾರೆ. ಕೆಳಗಿನ ಮನೆಯ ದರ್ಜಿಯಂತೂ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದ: "ಅಲ್ಲಜ್ಜಿ, ಅದರಲ್ಲಿ ಫೇಲಾದೋರಿಗೆ ಏನು ಶಿಕ್ಷೆ? ಮನೆಗೆ ಹೋಗಿ ಪುಸ್ತಕ ಓದಿ ಅಂತಾರಾ?"

ತಪ್ಪೇನೂ ತಿಳಿದಿಲ್ಲ. ಪುಟ್ಟಿ ಇಪ್ಪತ್ತು ವರ್ಷ ಕಥೆ, ಕಾದಂಬರಿ ಪಾಠ ಮಾಡಿದವಳು. ವಯಸ್ಸು ನಲವತ್ತಾರು, ತಲೆ ಅರ್ಧ ನರೆತಿದೆ, ನನಗೆ ಮಾತ್ರ ಇನ್ನೂ ಪುಟ್ಟಿ. ಮದುವೆ ಬೇಡ ಅಂದಳು. ನಾನು ಎರಡು ವರ್ಷ ಅತ್ತೆ, ಆಮೇಲೆ ನನಗೂ ಬೇಸರ ಬಂತು, ಬಿಟ್ಟೆ. ಈಗಿನ ಮಕ್ಕಳು ಕಥೆಯನ್ನು ಓದುವುದಕ್ಕಿಂತ ಆಡುವುದೇ ಹೆಚ್ಚು, ಆ ಆಟಗಳೂ ಏನನ್ನೋ ಹೇಳುತ್ತಿರುತ್ತವೆ, ಅದನ್ನು ಬಿಡಿಸಿ ನೋಡಬೇಡವೇ ಎನ್ನುವುದು ಅವಳ ವಾದ. ಅದಕ್ಕಾಗಿ ಕಾಲೇಜಿನವರ ಜೊತೆ ಮೂರು ವರ್ಷ ಗುದ್ದಾಡಿದಳು. ಅವಳ ವಿಭಾಗದ ಮುಖ್ಯಸ್ಥರಿಗೆ ಬೇಡ ಅನ್ನುವ ಮೊದಲು ಒಂದು ಸಲ ಕೆಮ್ಮುವ ಅಭ್ಯಾಸ. ಮನೆಯಲ್ಲಿ ಅವರ ಹೆಸರು ಕೆಮ್ಮು ಸಾಹೇಬರು. ಈ ವರ್ಷ ಅವರು ಅರ್ಧ ಕೆಮ್ಮಿ, "ಆಗಲಿ. ಯಾವ ಯಾವ ಆಟ ಅಂತ ಪಟ್ಟಿ ಕೊಡಿ. ಸಭೆಯಲ್ಲಿ ಆಡಿ ತೋರಿಸಿ. ಆಮೇಲೆ ನೋಡೋಣ" ಎಂದರಂತೆ.

ಪಟ್ಟಿ ನಮ್ಮ ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿತು. ಇಪ್ಪತ್ತು ಆಟ. ಅದರಲ್ಲಿ ಎಂಟು ಉಳಿಯಬೇಕು. ದಿನಾ ಸಂಜೆ ಕಾಲೇಜಿನಿಂದ ಬಂದು, ಸ್ಕೂಟರಿನ ಕೀಲಿ ಮೊಳೆಗೆ ಹಾಕಿ, ಚಹಾ ಕುಡಿದು ಟಿವಿ ಮುಂದೆ ಕೂರುವಳು. ನಾನು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ನೋಡುವೆ. ಕೈಯಲ್ಲಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತುವ ಆ ಸಾಮಾನಿಗೆ ನಾನು ರಿಮೋಟು ಅಂದರೆ, "ರಿಮೋಟ್ ಅಲ್ಲಮ್ಮ, ಕಂಟ್ರೋಲರ್" ಎಂದು ತಿದ್ದುವಳು.

ಅವಳಿಗೆ ಪ್ರಾಣವಾಗಿದ್ದದ್ದು ತಾರಸಿ ಹಾರುವ ಆಟ. ಒಬ್ಬ ಮನುಷ್ಯ ಒಂದು ಮನೆಯ ತಾರಸಿಯಿಂದ ಇನ್ನೊಂದಕ್ಕೆ ಹಾರುತ್ತಾ ಊರೆಲ್ಲ ದಾಟುತ್ತಾನೆ. ಕಾಲು ತಪ್ಪಿದರೆ ಬಿದ್ದ, ಮತ್ತೆ ಮೊದಲಿನಿಂದ. "ನೋಡಮ್ಮ, ಇದರಲ್ಲಿ ಒಂದು ಮಾತೂ ಇಲ್ಲ. ಆದ್ರೂ ನಾಲ್ಕನೇ ತಾರಸಿಗೆ ಬರೋಷ್ಟರಲ್ಲಿ ಅವನು ಯಾಕೆ ಓಡ್ತಿದಾನೆ ಅಂತ ನಿನಗೇ ಗೊತ್ತಾಗುತ್ತೆ" ಎಂದಿದ್ದಳು. ಗೊತ್ತಾಯಿತು. ಅವನು ಮನೆಗೆ ಓಡುತ್ತಿದ್ದ. ಪಟ್ಟಿಯಲ್ಲಿ ಅದಕ್ಕೇ ಒಂದನೇ ನಂಬರು. ಇದಿಲ್ಲದ ಪಾಠ ಉಪ್ಪಿಲ್ಲದ ಅಡುಗೆ ಎಂದು ಅವಳೇ ಹೇಳಿದ್ದು.

ಕೆಂಪು ಪೆನ್ಸಿಲಿನ ಗೀಟು ಒಂದೊಂದೇ ಬೀಳುತ್ತಾ ಬಂತು. ಕಾರು ಓಡಿಸುವ ಆಟ ಹೋಯಿತು. "ಕಥೆ ಸಾಲದು" ಅಂದಳು. ಕತ್ತಿವರಸೆಯ ಆಟ ಹೋಯಿತು. "ಹೊಡೆದಾಟ ಜಾಸ್ತಿ." ಹಾಡಿನ ತಾಳಕ್ಕೆ ಗುಂಡಿ ಒತ್ತುವ ಆಟ ಹೋಯಿತು. "ಮಕ್ಕಳಿಗೆ ಗೊತ್ತಿರೋದೇ." ಹಿಟ್ಟಿನ ಡಬ್ಬಿ ತೆಗೆಯಲು ಹೋದಾಗಲೆಲ್ಲ ನಾನು ಪಟ್ಟಿ ನೋಡುತ್ತಿದ್ದೆ. ಒಂದು ಭಾನುವಾರ ಒಂದನೇ ನಂಬರಿನ ಮೇಲೂ ಗೀಟು ಬಿದ್ದಿತ್ತು. ನೆಟ್ಟಗಿರಲಿಲ್ಲ ಆ ಗೀಟು. ಇರುವೆ ನಡೆದ ಹಾಗೆ ಸಣ್ಣ ಸಣ್ಣ ಏರಿಳಿತ.

ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದೆ. ಹೋದದ್ದೆಲ್ಲ ಬೆರಳು ಚುರುಕಾಗಿ ಓಡಬೇಕಾದ ಆಟಗಳು. ಉಳಿದದ್ದೆಲ್ಲ ನಿಧಾನದವು: ಕಡಲ ದಂಡೆಯ ದೀಪಸ್ತಂಭ ಕಾಯುವವನು ಕಾಗದ ಓದುವ ಆಟ, ಮುರಿದ ಮನೆಯ ಸಾಮಾನು ಜೋಡಿಸುವ ಆಟ, ಬರೀ ಮಾತುಕತೆಯ ಆಟ. ಯಾರಿಗೂ ಇದರಲ್ಲಿ ಏನೂ ಕಾಣುತ್ತಿರಲಿಲ್ಲ. ನನಗೆ ಕಂಡಿತು, ಯಾಕೆಂದರೆ ಇಂಥ ಪಟ್ಟಿ ನಾನು ಹಿಂದೆ ಒಂದು ನೋಡಿದ್ದೆ.

ನಮ್ಮ ಯಜಮಾನರು ಬೋರ್ಡು ಬರೆಯುವ ಪೇಂಟರ್. ಅಂಗಡಿ ಬೋರ್ಡು, ಡಾಕ್ಟರ ಹೆಸರಿನ ಫಲಕ, ಗಾಡಿಯ ನಂಬರು, ಬೆರಳುಗುರಿನಷ್ಟು ಅಕ್ಷರವನ್ನೂ ಉಸಿರು ಹಿಡಿದು ಬರೆಯುವರು. ಒಂದು ದಿನ ಗಾಡಿ ನಂಬರು ಬೇಡ ಎಂದರು. ಆಮೇಲೆ ಹೆಸರಿನ ಫಲಕ ಬೇಡ. "ಸಣ್ಣ ಕೆಲಸಕ್ಕೆ ಯಾರು ಕೂರ್ತಾರೆ, ದೊಡ್ಡ ಗೋಡೆ ಇದ್ರೆ ಹೇಳಿ" ಎನ್ನುವರು. ಜನ, ಪೇಂಟರಿಗೆ ಜಂಬ ಬಂತು ಅಂದರು. ಜಂಬವಲ್ಲ, ಕೈ ನಡುಗುತ್ತಿತ್ತು. ದೊಡ್ಡ ಅಕ್ಷರದಲ್ಲಿ ನಡುಕ ಕಾಣುವುದಿಲ್ಲ. ಬಿಡಲಾಗದ ಗಿರಾಕಿಗಳ ಸಣ್ಣ ಅಕ್ಷರ ನಾನು ತುಂಬುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರವೆಲ್ಲ ಕಲಿತದ್ದು ಆ ಫಲಕಗಳ ಮೇಲೆ. ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅವರು ಹೇಳಬೇಡ ಅಂದರು, ನಾನು ಹೇಳಲಿಲ್ಲ. ದೊಡ್ಡ ಅಕ್ಷರ ಇರುವುದು ದೊಡ್ಡ ಗೋಡೆಯ ಮೇಲೆ, ದೊಡ್ಡ ಗೋಡೆಗೆ ಉದ್ದದ ಏಣಿ ಎನ್ನುವಷ್ಟು ಲೆಕ್ಕ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನೂಲಿನ ಗಿರಣಿಯ ಗೋಡೆಯ ಮೇಲೆ, ಆಳೆತ್ತರದ ಅಕ್ಷರ ಅರ್ಧ ಬರೆದು, ಏಣಿ ಹಿಡಿದ ಕೈ ಸೋತು ಬಿದ್ದರು. ಏಣಿ ಜಾರಿತು ಎಂದು ಎಲ್ಲರಿಗೂ ನಾನೇ ಹೇಳಿದೆ. ಹತ್ತೊಂಬತ್ತು ವರ್ಷದ ಪುಟ್ಟಿಗೂ ಹಾಗೇ ಹೇಳಿದೆ. ಅದೇ ಇವತ್ತಿಗೂ ಅವಳಿಗೆ ಗೊತ್ತಿದ್ದದ್ದು.

ಅವತ್ತು ಗೀಟು ನೋಡಿದ ಮೇಲೆ ನನ್ನ ಕಣ್ಣು ಅವಳ ಕೈ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಕಂಟ್ರೋಲರ್ ಹಿಡಿದರೆ ಬಲ ಮೊಣಕೈಯನ್ನು ದಿಂಬಿಗೆ ಒತ್ತಿಕೊಳ್ಳುವಳು. ಅಂಗಿಯ ಗುಂಡಿ ಎಡಗೈಯಲ್ಲಿ ಹಾಕುವಳು.

"ಅಮ್ಮ, ಅರ್ಧ ಲೋಟ ಸಾಕು."

"ಯಾಕೆ, ಚಹಾ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅರ್ಧ ಸಾಕು."

ಅವರಪ್ಪನೂ ಅರ್ಧ ಲೋಟ ಸಾಕು ಅನ್ನುತ್ತಿದ್ದರು. ತುಂಬಿದ್ದರೆ ತುಳುಕುತ್ತದಲ್ಲ.

"ತಾರಸಿ ಆಟ ಯಾಕೆ ಹೊಡೆದು ಹಾಕಿದೆ, ಪುಟ್ಟಿ?"

"ಕಷ್ಟ ಅಮ್ಮ, ಹೊಸಬರಿಗೆ."

"ಹೊಸಬರಿಗಾ, ನಿನಗಾ?"

"ಇದೇನು, ನೀನೂ ಕೆಮ್ಮು ಸಾಹೇಬರ ಕಡೆ ಸೇರಿಕೊಂಡ್ಯಾ? ಒಂದು ಕೆಮ್ಮು ಬಾಕಿ ನೋಡು" ಎಂದು ನಕ್ಕಳು. ನಗುವಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

ಕಾಲೇಜಿಗೆ ಗೊತ್ತಾಗುವ ಹಾಗೆ ಹೇಳಿದರೆ ಅವಳ ಮೂರು ವರ್ಷದ ಗುದ್ದಾಟ ಮಣ್ಣಾಗುತ್ತದೆ. ಹೇಳದಿದ್ದರೆ ದಿನಾ ಆ ಸ್ಕೂಟರು, ಆ ಕೈ, ಆ ಲಾರಿ ತುಂಬಿದ ದಾರಿ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದೆ. ಸಂಜೆ ಐದಾದರೆ ಕಿಟಕಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಬೀದಿಯಲ್ಲಿ ಯಾರ ಸ್ಕೂಟರು ಬ್ರೇಕು ಕಿರುಚಿದರೂ ಬಾಗಿಲಿಗೆ ಓಡುತ್ತಿದ್ದೆ. ಡಾಕ್ಟರ ಹತ್ತಿರ ಹೋಗೋಣ ಎಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ, "ನಿದ್ದೆ ಸಾಲದು ಅಮ್ಮ, ಸಭೆ ಮುಗಿದ ಮೇಲೆ ಸರಿಹೋಗುತ್ತೆ" ಎಂದು ಬಾಯಿ ಮುಚ್ಚಿಸಿದಳು.

ಸಭೆಗೆ ಹದಿನೈದು ದಿನ ಇರುವಾಗ ಹೊಸ ಯೋಚನೆ ತಂದಳು.

"ಅಮ್ಮ, ಸಭೆಯಲ್ಲಿ ನೀನು ಆಡು."

"ನಾನಾ? ನನಗೆ ಟಿವಿ ಹಚ್ಚೋಕೂ ಬರಲ್ಲ!"

"ಅದಕ್ಕೇ. ಎಪ್ಪತ್ತೈದು ವರ್ಷದ ನಮ್ಮಮ್ಮ ಆಡಬಹುದಾದ್ರೆ ಯಾವ ವಿದ್ಯಾರ್ಥಿಯೂ ಆಡಬಹುದು ಅಂತ ತೋರಿಸ್ತೀನಿ. ಅವರ ಬಾಯಿ ಕಟ್ಟಿಹೋಗುತ್ತೆ."

ಯೋಚನೆ ಚೆನ್ನಾಗಿತ್ತು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ. ಮತ್ತೆ ನನ್ನ ಬೆರಳೇ ಬೇಕಾಯಿತು. ದೀಪಸ್ತಂಭದ ಆಟ ಕಲಿತೆ. ಬತ್ತಿ ಹಚ್ಚಿದೆ, ಕಾಗದ ಬಿಡಿಸಿದೆ, ಮೆಟ್ಟಿಲು ಹತ್ತಿದೆ. "ಭೇಷ್ ಅಮ್ಮ!" ಅಂದಳು. ಸಣ್ಣ ಅಕ್ಷರ ತುಂಬಿ ಕೊಟ್ಟಾಗ ಯಜಮಾನರೂ ಹೀಗೇ ಭೇಷ್ ಅನ್ನುತ್ತಿದ್ದರು.

ಸಭೆ ಗುರುವಾರ ಹನ್ನೊಂದಕ್ಕೆ. ಉದ್ದದ ಮೇಜು, ಸುತ್ತ ಏಳು ಜನ, ಗೋಡೆ ತುಂಬ ಬಿಳಿ ಪರದೆ. ನಾನು ದೀಪ ಹಚ್ಚಿದೆ. ಕಾಗದ ಓದಿದೆ. ಒಬ್ಬ ಮೇಡಂ ಚಪ್ಪಾಳೆಯನ್ನೂ ತಟ್ಟಿದರು. ಪುಟ್ಟಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತು, ಈ ಆಟ ಒಂಟಿತನವನ್ನು ಹೇಗೆ ಹೇಳುತ್ತದೆ ಎಂದು ಸೊಗಸಾಗಿ ವಿವರಿಸಿದಳು. ಮುಗಿಯಿತು ಅಂದುಕೊಂಡೆ.

ಆಗ ಕೆಮ್ಮು ಸಾಹೇಬರು ಕೆಮ್ಮಿದರು.

"ಮೇಡಂ, ಮೊದಲು ಕೊಟ್ಟ ಅರ್ಜಿಯಲ್ಲಿ ತಾರಸಿ ಆಟಕ್ಕೆ ನಾಲ್ಕು ಪುಟ ಬರೆದಿದ್ರಿ. ಈಗ ಅದೇ ಇಲ್ಲ. ನಾನು ಓದಿ ಒಪ್ಪಿದ್ದೇ ಆ ನಾಲ್ಕು ಪುಟ. ಅದೊಂದು ಆಡಿ ತೋರಿಸಿ ಬಿಡಿ."

"ಅದು... ಅಮ್ಮನೇ ತೋರಿಸ್ತಾರೆ, ಸರ್." ನನ್ನ ಕಡೆ ಬಗ್ಗಿ ಕಿವಿಯಲ್ಲಿ, "ಬಲಗಡೆ ಗುಂಡಿ ಹಾರೋದಕ್ಕೆ. ಬಿದ್ರೂ ಪರವಾಗಿಲ್ಲ, ಅಮ್ಮ. ಆಡು" ಅಂದಳು.

ಪರದೆ ತುಂಬ ಆ ಮನುಷ್ಯ ಬಂದ. ನಮ್ಮ ಟಿವಿಯಲ್ಲಿ ಬೆರಳುದ್ದ ಇದ್ದವನು ಇಲ್ಲಿ ಆಳೆತ್ತರ ಇದ್ದ. ತಾರಸಿಯ ಅಂಚಿನಲ್ಲಿ, ಕೆಳಗೆ ಬೀದಿ, ಬೆನ್ನು ನಮ್ಮ ಕಡೆಗೆ. ಗಿರಣಿಯ ಗೋಡೆಯ ಕೆಳಗೆ ನಿಂತು ಊಟದ ಡಬ್ಬಿ ಹಿಡಿದು ನಾನು ನೋಡುತ್ತಿದ್ದ ಬೆನ್ನು. ಅವತ್ತು "ಇಳಿದು ಬನ್ನಿ" ಎಂದು ಕೂಗಬಹುದಿತ್ತು. ಕೆಳಗೆ ನಾಲ್ಕು ಜನ ಇದ್ದರು, ಕೇಳಿಸಿಕೊಂಡಾರು ಎಂದು ಸುಮ್ಮನಿದ್ದೆ.

ಕಂಟ್ರೋಲರನ್ನು ತೆಗೆದು ಪುಟ್ಟಿಯ ಮುಂದೆ ಇಟ್ಟೆ.

"ಇದು ನನ್ನ ಕೈಲಾಗಲ್ಲ. ನೀನೇ ಆಡು."

"ಅಮ್ಮ!"

"ಇಲ್ಲ ಪುಟ್ಟಿ. ಇನ್ನು ಆಗಲ್ಲ."

ಏಳು ಜನ ನೋಡುತ್ತಿದ್ದರು. ಅವಳು ಕೂತಳು, ತೆಗೆದುಕೊಂಡಳು. ಮೊದಲ ತಾರಸಿಯಲ್ಲೇ ಅವನು ಬಿದ್ದ. ಎರಡನೇ ಸಲವೂ ಬಿದ್ದ. ಮೂರನೇ ಸಲ ಅವಳು ಮಣಿಕಟ್ಟನ್ನು ಮೇಜಿಗೆ ಒತ್ತಿದಳು. ಕಂಟ್ರೋಲರ್ ಮರಕ್ಕೆ ತಾಗಿ ಕಟ ಕಟ ಕಟ ಎಂದು ಸದ್ದಾಯಿತು. ಅವನು ಐದು ಸಲ ಬಿದ್ದ.

ಅವಳು ಅದನ್ನು ಕೆಳಗಿಟ್ಟು, "ಕೈ ನಡುಗುತ್ತೆ, ಸರ್" ಅಂದಳು. "ಎಂಟು ತಿಂಗಳಾಯ್ತು. ಅದಕ್ಕೇ ಆ ಆಟ ತೆಗೆದೆ. ಬೇರೆ ಕಾರಣ ಏನಿಲ್ಲ."

ಕೆಮ್ಮು ಸಾಹೇಬರು ಕೆಮ್ಮಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. "ಪಾಠ ಮಾಡೋದು ಕೈಯಲ್ಲ ಮೇಡಂ, ಬಾಯಿ. ಆಡೋದಕ್ಕೆ ಮಕ್ಕಳಿದಾರೆ" ಅಂದರು. "ಆ ಆಟ ವಾಪಸ್ ಸೇರಿಸಿ. ಆದರೆ ಮೊದಲು ಡಾಕ್ಟರಿಗೆ ತೋರಿಸಿ."

ಹೊರಗೆ ಕಾರಿಡಾರಿನ ಬೆಂಚಿನ ಹತ್ತಿರ ಅವಳು ನನ್ನ ಮೇಲೆ ತಿರುಗಿದಳು. ಮುಖ ಸುಣ್ಣದ ಹಾಗಿತ್ತು.

"ಹೆತ್ತಮ್ಮ ಆಗಿ ಏಳು ಜನದ ಮುಂದೆ ನನ್ನ ಬಿಟ್ಟುಕೊಟ್ಟೆ! ನಿನಗೆ ಆ ಆಟ ಬರುತ್ತೆ. ಈ ಹದಿನೈದು ದಿನ ನಾನಿಲ್ಲದ ಮಧ್ಯಾಹ್ನ ಕದ್ದು ಆಡಿ ಕಲ್ತಿದೀಯ, ನನಗೆ ಗೊತ್ತು."

"ಬರುತ್ತೆ."

"ಮತ್ತೆ ಯಾಕೆ?"

"ನಿಮ್ಮಪ್ಪ ಏಣಿ ಜಾರಿ ಬಿದ್ದಿದ್ದಲ್ಲ, ಪುಟ್ಟಿ."

ಅವಳು ಬೆಂಚಿನ ಮೇಲೆ ಕೂತಳು. ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹತ್ತು ನಿಮಿಷದಲ್ಲಿ ಹೇಳಿದೆ. ಗಾಡಿ ನಂಬರು, ಹೆಸರಿನ ಫಲಕ, ಅರ್ಧ ಲೋಟ ಚಹಾ, ನಾನು ತುಂಬಿದ ಅಕ್ಷರ, ನಾನು ಕೂಗದೆ ನಿಂತದ್ದು. ಹುಡುಗ ಹುಡುಗಿಯರು ಗಲಗಲ ಅನ್ನುತ್ತಾ ನಮ್ಮನ್ನು ದಾಟಿ ಹೋದರು. ಕೆಲವರು "ನಮಸ್ತೆ ಮೇಡಂ" ಅಂದರು. ಅವಳಿಗೆ ಕೇಳಿಸಲಿಲ್ಲ.

ಆಮೇಲೆ ಚೀಲದಲ್ಲಿ ಕೈ ಹಾಕಿ ಸ್ಕೂಟರಿನ ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅವತ್ತು ಬಸ್ಸಿನಲ್ಲಿ ಬಂದೆವು, ಆಚೆ ಈಚೆ ಸೀಟು. ನಾಲ್ಕು ದಿನ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತು.

ಐದನೇ ದಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅವಳ ಕೈಯಲ್ಲಿ ಸುರುಳಿ ಬರೆಸಿದರು, ಹೆಸರು ಬರೆಸಿದರು, ಕಾರಿಡಾರಿನಲ್ಲಿ ನಡೆಸಿ ಕೈ ಬೀಸುತ್ತದೆಯೋ ಇಲ್ಲವೋ ನೋಡಿದರು. ನಾನು ಅಂದುಕೊಂಡದ್ದೇ ಆಗಿತ್ತು, ಅವರಪ್ಪನ ಕೈ ಹಿಡಿದಿದ್ದ ನಡುಕದ ರೋಗವೇ. ವಾಸಿಯಾಗುವ ರೋಗವಲ್ಲ, ಆದರೆ ಔಷಧಿ ಇದೆ, ಕೆಲಸ ಬಿಡಬೇಕಿಲ್ಲ, ಸ್ಕೂಟರು ಸದ್ಯಕ್ಕೆ ಬೇಡ ಎಂದರು. ಪುಟ್ಟಿ ತಲೆ ಆಡಿಸಿದಳು. ಚೀಟಿ ಹಿಡಿದು ಹೊರಗೆ ಬಂದು, "ಅಪ್ಪ ಈ ಬಾಗಿಲವರೆಗೂ ಬರಲಿಲ್ಲ ಅಲ್ವಾ" ಎಂದಳು. ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗಬೇಕಾಗಿಯೂ ಇಲ್ಲ.

ಪಾಠ ಶುರುವಾಗಿದೆ. ಪಟ್ಟಿಯಲ್ಲಿ ತಾರಸಿ ಆಟಕ್ಕೆ ಮತ್ತೆ ಒಂದನೇ ನಂಬರು. ಮೊದಲ ದಿನವೇ ಅವಳು ಎಲ್ಲರೆದುರು ಆಡಿ, ಬಿದ್ದು ತೋರಿಸಿ, "ಈ ಆಟ ಎಂಥ ಕೈಗೆ ಅಂತ ಮಾಡಿದ್ದು? ಎಂಥ ಕೈಯನ್ನ ಹೊರಗಿಟ್ಟಿದೆ?" ಎಂದು ಕೇಳಿದಳಂತೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲವಂತೆ.

ನನ್ನ ಭಯ ಹೋಗಿಲ್ಲ. ಸ್ಕೂಟರು ಕಾಯುತ್ತಿದ್ದ ಕಿಟಕಿಯಲ್ಲಿ ಈಗ ಬಸ್ಸು ಕಾಯುತ್ತೇನೆ. ಅವಳು ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದ ಕೈಯನ್ನೇ ಮೊದಲು ನೋಡುತ್ತೇನೆ. ಚಹಾ ಅರ್ಧ ಲೋಟವೇ, ಆದರೆ ಎರಡು ಸಲ ಕೊಡುತ್ತೇನೆ. ಆಮೇಲೆ ಇಬ್ಬರೂ ಟಿವಿ ಮುಂದೆ ಕೂರುತ್ತೇವೆ. ಒಂದೇ ಕಂಟ್ರೋಲರ್. ಎಡಗಡೆ ಅವಳು ಹಿಡಿದು ಅವನನ್ನು ಓಡಿಸುತ್ತಾಳೆ, ಬಲಗಡೆ ಹಾರುವ ಗುಂಡಿಯ ಮೇಲೆ ನನ್ನ ಹೆಬ್ಬೆರಳು.

"ಇನ್ನೂ ಇಲ್ಲ, ಇನ್ನೂ ಇಲ್ಲ... ಈಗ!" ಅನ್ನುತ್ತಾಳೆ. ಒತ್ತುತ್ತೇನೆ. ಬಹಳ ಸಲ ಬೀಳುತ್ತಾನೆ. "ಅಮ್ಮ, ಈಗ ಅಂದ್ರೆ ಈಗ, ನಾಳೆ ಅಲ್ಲ" ಎಂದು ಬೈಯುತ್ತಾಳೆ. ನಿನ್ನೆ ಆರನೇ ತಾರಸಿಯವರೆಗೆ ಬಂದೆವು. ಅವನು ಗಾಳಿಯಲ್ಲಿ ಇರುವಷ್ಟು ಹೊತ್ತು ನಾನು ಉಸಿರು ಬಿಡುವುದಿಲ್ಲ.