ಹೊಂಗೆ ಎಲೆಯ ಸುಡುಮಣ್ಣು

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಗ್ಯಾರೇಜು. ಹಳೆ ಜೀಪುಗಳ ಬಣ್ಣ ಕೆರೆದು ಹೊಸ ಬಣ್ಣ ಹೊಡೆಯುವುದು, ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವುದು ನನ್ನ ಕಸುಬು. ಎದುರಿಗೆ ಸಾಲಾಗಿ ಹೊಂಗೆ ಮರಗಳಿವೆ. ನಾನೇ ನೆಟ್ಟದ್ದು, ಪುಣ್ಯಕ್ಕಲ್ಲ, ಗಿರಾಕಿಗಳ ಗಾಡಿಗೆ ನೆರಳಾಗಲಿ ಎಂದು.

ಕಳೆದ ಚಳಿಗಾಲದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬಂದು ಆ ಮರಗಳ ಎಲೆ, ತೊಗಟೆ ಕೇಳಿದಳು. ರಸ್ತೆ ಬದಿಯ ಮರಗಳು ಧೂಳಿನಲ್ಲಿರುವ ಸೀಸವನ್ನು ಎಲೆಯ ಮೇಲೆ ತಡೆದು ಹಿಡಿಯುತ್ತವಂತೆ, ಸ್ವಲ್ಪವನ್ನು ಬೇರಿನಿಂದಲೂ ಎಳೆದುಕೊಳ್ಳುತ್ತವಂತೆ. ಪೇಟೆಯ ವಿಷ ತೆಗೆಯಲು ಮರಗಳನ್ನೇ ಬಳಸಬಹುದೇ ಎಂದು ನೋಡುವುದು ಅವಳ ಪ್ರಾಜೆಕ್ಟು. "ಇಲ್ಲಿ ಸೀಸ ಎಲ್ಲಿಂದ ಬರುದು?" ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಣ್ಣು ಮೂಲೆಯ ಹಳೆ ಬ್ಯಾಟರಿಗಳ ಸೀಸದ ಪ್ಲೇಟುಗಳ ಕಡೆ, ಕೆರೆದು ಬಿದ್ದ ಬಣ್ಣದ ಪುಡಿಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

ಮತ್ತೆ ಬಂದಾಗ, ಎಲೆಗಳಲ್ಲಿ ಸೀಸ ಚೆನ್ನಾಗಿಯೇ ಸಿಕ್ಕಿದೆ ಎಂದಳು. ನಾನು ಉಬ್ಬಿಹೋದೆ. ನನ್ನ ಕೊಳೆಯನ್ನು ನನ್ನ ಮರಗಳೇ ಬಾಚಿಕೊಳ್ಳುತ್ತಿವೆಯಲ್ಲ, ಇನ್ನೆಂಥ ಚಿಂತೆ!

"ಹಾಗೆ ಬಿಡ್ಲಿಕ್ಕಿಲ್ಲ ಸರ್. ಉದುರಿದ ಎಲೆಯನ್ನು ಬೇರೆಯೇ ಕಟ್ಟಿಡಬೇಕು. ಗೊಬ್ಬರಕ್ಕೆ ಹಾಕ್ಲಿಕ್ಕಾಗುದಿಲ್ಲ. ಸುಟ್ಟರೂ ಸೀಸ ಬೂದಿಯಲ್ಲೇ ಉಂಟು" ಎಂದಳು ಅವಳು.

ನನ್ನ ನಗು ಅಲ್ಲಿಗೇ ನಿಂತಿತು. ಗ್ಯಾರೇಜಿನ ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬ ಬ್ಯಾರಿ ಹೆಂಗಸು ಇದ್ದಾರೆ. ಇಡೀ ಓಣಿಗೆ ಅವರು ಉಮ್ಮ. ಬೆಳಿಗ್ಗೆ ಎದ್ದವರೇ ನನ್ನ ಅಂಗಳದ ಹೊಂಗೆ ಎಲೆಯನ್ನೆಲ್ಲ ಗುಡಿಸಿ ಒಯ್ಯುತ್ತಿದ್ದರು. ಬಿಟ್ಟಿ ಕೆಲಸ ಆಗುತ್ತದೆ ಎಂದು ನನಗೂ ಖುಷಿ. ಅವರು ಆ ಎಲೆಯನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೇ ಬೇಯುವ ಹಾಗೆ ಬೆಂಕಿ ಕೊಟ್ಟು ಸುಡುಮಣ್ಣು ಮಾಡುತ್ತಿದ್ದರು. ನಮ್ಮೂರಿನಲ್ಲಿ ತರಕಾರಿಗೆ ಅದರಷ್ಟು ಒಳ್ಳೆ ಗೊಬ್ಬರ ಬೇರೆ ಇಲ್ಲ ಎನ್ನುತ್ತಾರೆ. ಅದನ್ನು ಹಾಕಿ ಬೆಳೆಸಿದ ಕೆಂಪು ಹರಿವೆಯನ್ನು ನಮ್ಮ ಮನೆಗೂ ಒಂದು ಕಟ್ಟು ಕಳಿಸುತ್ತಿದ್ದರು. ಆಗಷ್ಟೇ ಅನ್ನ ತಿನ್ನಲು ಕಲಿತಿದ್ದ ಅವರ ಮೊಮ್ಮಗಳಿಗೆ ಅದೇ ಸೊಪ್ಪು ಬೇಯಿಸಿ ಹಿಸುಕಿ ತಿನ್ನಿಸುತ್ತಿದ್ದರು.

ಅವತ್ತೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎಲೆಯಲ್ಲಿ ವಿಷವಿದೆ ಎಂದರೆ ವಿಷ ಯಾರದು ಎಂಬ ಪ್ರಶ್ನೆ ಬರುತ್ತದೆ. ಓಣಿಯವರು ಗ್ಯಾರೇಜು ಮುಚ್ಚಿಸಿದರೆ? ಹೀಗೆ ನನಗೆ ನಾನೇ ವಕೀಲನಾದೆ.

ಕೊನೆಗೆ ಕಂಡುಕೊಂಡದ್ದು ಹೇಡಿಯ ದಾರಿ. ಉಮ್ಮ ಬರುವ ಮೊದಲೇ ಎಲೆ ಗುಡಿಸಿ ಗೋಣಿಗೆ ತುಂಬಿಸತೊಡಗಿದೆ. ಅವರು ಖಾಲಿ ಬುಟ್ಟಿ ಹಿಡಿದು ನಿಂತರು.

"ಎಂತ ಮಾರಾಯ್ರೆ, ಒಣಗಿದ ಎಲೆಗೂ ನಿಮಗೆ ಆಸೆಯಾ?"

"ಸ್ವಲ್ಪ ಬೇಕಿತ್ತು ಉಮ್ಮ" ಎಂದೆ. ಆದರೆ ಅವರ ಹಿತ್ತಲಲ್ಲಿ ಮೊದಲೇ ಮಾಡಿಟ್ಟ ಸುಡುಮಣ್ಣು ಬೇಕಾದಷ್ಟಿತ್ತು, ಹರಿವೆ ಬೆಳೆಯುತ್ತಲೇ ಇತ್ತು. ನಮ್ಮ ಮನೆಗೂ ಕಟ್ಟು ಬರುತ್ತಲೇ ಇತ್ತು. ಅದನ್ನು ನಾನು ಹೆಂಡತಿಯ ಕೈಗೆ ಕೊಡದೆ, ಹುಳ ಉಂಟು ಎಂದು ಸುಳ್ಳು ಹೇಳಿ ಕಸಕ್ಕೆ ಹಾಕುತ್ತಿದ್ದೆ. ಆಚೆ ಮನೆಯಲ್ಲಿ ಮಗುವಿಗೆ ತುತ್ತು ತಿನ್ನಿಸುವ ಸದ್ದು ಕೇಳಿದರೆ ಬಣ್ಣ ಕೆರೆಯುವ ಗ್ರೈಂಡರ್ ಚಾಲೂ ಮಾಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಮಾಡುತ್ತಿದ್ದೆ.

ಒಂದು ಸಂಜೆ ಉಮ್ಮ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದು ಗ್ಯಾರೇಜಿಗೆ ಬಂದರು. ಬಕೆಟ್ ತುಂಬ ಸುಡುಮಣ್ಣು.

"ಎಲೆ ಬೇಕು ಅಂತ ಹೇಳಿದ್ರಲ್ಲ. ನಿಮಗೆ ಸುಡ್ಲಿಕ್ಕೆ ಪುರುಸೊತ್ತು ಎಲ್ಲುಂಟು? ಇದನ್ನು ನಿಮ್ಮ ಹೆಂಡತಿಯ ಮಲ್ಲಿಗೆಗೆ ಹಾಕಿ. ನಿಮ್ಮದೇ ಮರದ್ದು."

ಅಷ್ಟು ಹೇಳಿ ಬಕೆಟ್ ಕೆಳಗಿಟ್ಟು ನಕ್ಕರು. ನನಗೆ ತಡೆಯಲಾಗಲಿಲ್ಲ. ಬ್ಯಾಟರಿ, ಬಣ್ಣದ ಪುಡಿ, ಮರ, ಎಲೆ, ಬೂದಿ, ಕಾಲೇಜಿನ ಹುಡುಗಿ ಎಂದೋ ಹೇಳಿಹೋದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹರಿವೆಯನ್ನು ಕಿತ್ತು ಹಾಕಿ, ಮಗುವನ್ನು ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸೋಣ, ನಾಳೆಯೇ ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

ಉಮ್ಮ ಬಯ್ಯಲಿಲ್ಲ. ಮಗು ಬಕೆಟ್ಟಿನ ಕಡೆ ಬಾಗಿ ಕೈ ಚಾಚಿದಾಗ ಆ ಕೈಯನ್ನು ಹಿಡಿದುಕೊಂಡರು.

"ನಿಮಗೆ ಗೊತ್ತಾದ ಮೇಲೆಯೂ ನಾನು ಹರಿವೆ ಕೊಟ್ಟಿದ್ದೇನಲ್ಲ. ಅದನ್ನು ನೀವು ತಿಂದಿದ್ದೀರಾ?"

"ಇಲ್ಲ" ಎಂದೆ.

ಅವರು ಮಗುವಿನ ಬೆರಳುಗಳನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದರು.