ಕಾಂತೇಶ ಸಾರ್ ಟೈಯ ಗಂಟು

ಮಕ್ತಲದಲ್ಲಿ ಯಾರದೇ ಮದುವೆಯ ರಿಸೆಪ್ಷನ್ ಇರಲಿ, ಮದುಮಗ ಮೊದಲು ಕಾಂತೇಶ ಸಾರ್ ಮನೆಗೆ ಬರುತ್ತಾನೆ. ನಾನು ಗುಮಾಸ್ತನಾಗಿರುವ ಜೂನಿಯರ್ ಕಾಲೇಜಿನಲ್ಲಿ ಅವರು ಕಾಮರ್ಸ್ ಪಾಠ ಹೇಳುತ್ತಾರೆ. ಏಪ್ರಿಲ್ ಬಿಸಿಲಿನಲ್ಲೂ ಟೈ ಹಾಕಿಕೊಂಡು ಬೈಕ್ ಮೇಲೆ ಬರುವವರು ಊರಿಗೆ ಅವರೊಬ್ಬರೇ.

ಟೈ ಆರಿಸುವುದರಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ತಾಯಿ ಚನ್ನವೀರಮ್ಮ ನಾರಾಯಣಪೇಟೆಯ ನೇಕಾರರ ಮನೆಯವರು. ಸೀರೆಯ ಲೆಕ್ಕವನ್ನೇ ಸಾರ್ ಟೈಗೂ ಹಾಕುತ್ತಾರೆ.

"ಅಂಗಿ ಅಂದ್ರ ಒಡಲು, ಟೈ ಅಂದ್ರ ಅಂಚು. ಒಡಲಾಗ ಚೌಕಳಿ ಇದ್ರ ಅಂಚು ಸಾದಾ ಇರ್ಬೇಕು. ಎರಡೂ ಕೂಡಿ ಜಗಳಾಡಬಾರದು ನೋಡ್ರಿ."

ಟೈಯ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಮೇಲೆ ನಿಂತರೆ ತಮ್ಮನ ಟೈ ಹಾಕಿಕೊಂಡಂತೆ, ಕೆಳಗಿಳಿದರೆ ಎತ್ತಿನ ಹಗ್ಗದಂತೆ.

ಆದರೆ ಅವರಿಗೆ ಟೈ ಕಟ್ಟಲು ಬರುವುದಿಲ್ಲ. ಇದು ಗೊತ್ತಿದ್ದುದು ನನಗೊಬ್ಬನಿಗೆ. ರಾಯಚೂರಿನ ಅಂಗಡಿಯವನು ಕಟ್ಟಿಕೊಟ್ಟ ಗಂಟನ್ನು ಸಡಿಲಿಸಿ, ತಲೆಯ ಮೇಲಿಂದ ತೆಗೆದು, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೆಳಿಗ್ಗೆ ಮತ್ತೆ ತಲೆ ತೂರಿಸುತ್ತಿದ್ದರು. ಮದುಮಗಂದಿರೂ ಹಾರ ಹಾಕಿಸಿಕೊಳ್ಳುವವರಂತೆ ತಲೆ ಬಗ್ಗಿಸಿ ಹಾಗೇ ಹಾಕಿಸಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ಸಾರ್ ಅವರೇ ಕನ್ಯೆ ನೋಡಲು ಹೊರಟರು. ಗದ್ವಾಲದ ನೇಕಾರ ಪೆದ್ದಯ್ಯನವರ ಮಗಳು ಪ್ರಶಾಂತಿ. ಯಾರದೋ ಮದುವೆಯಲ್ಲಿ ಅವಳನ್ನು ಕಂಡಿದ್ದ ಸಾರ್, ಈ ಸಂಬಂಧ ತಪ್ಪಿದರೆ ಬೇರೆ ನೋಡುವುದಿಲ್ಲ ಎಂದಿದ್ದರು.

ಆ ಬೆಳಿಗ್ಗೆ ಜೊತೆಗೆ ಹೊರಡಲು ನಾನು ಹೋದಾಗ, ರಾತ್ರಿ ಸಾರ್ ಬೀಗ ಹಾಕಲು ಮರೆತಿದ್ದ ಬೀರು ತೆರೆದಿತ್ತು. ಟೈಗಳೆಲ್ಲ ಮಡಿಕೆಯಿಲ್ಲದೆ ನೆಟ್ಟಗೆ ನೇತಾಡುತ್ತಿದ್ದವು.

"ಯವ್ವಾ, ಏನ್ ಮಾಡಿದಿ?" ಸಾರ್ ಗೋಡೆಗೆ ಒರಗಿದ್ದರು.

"ಎಲ್ಲಾ ಗಂಟು ಬಿದ್ದಿದ್ವಪ್ಪಾ. ಬಿಡಿಸಿ ಇಸ್ತ್ರಿ ಮಾಡೀನಿ. ನೇಕಾರ್ರ ಮನ್ಯಾಗ ಗಂಟು ಇಟಗೊಂಡು ಕುಂದ್ರತಾರೇನು?"

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಗಂಟು ಕಂಡರೆ ಬೆರಳು ಸುಮ್ಮನಿರುವುದಿಲ್ಲ. ಸಾರ್ ಫೋನಿನಲ್ಲಿ ವಿಡಿಯೋ ಹಚ್ಚಿದರು. ಅದರೊಳಗಿನವನ ಬಲಗೈ ಇವರ ಎಡಗೈಯಾಗಿ, ಕೊನೆಗೆ ಹೆಬ್ಬೆರಳೂ ಟೈಯೊಳಗೆ ಸಿಕ್ಕಿತು.

"ಬಸ್ಸಿನ ಹೊತ್ತಾತು, ಕೊಡಿಲ್ಲಿ," ಎಂದು ಚನ್ನವೀರಮ್ಮ ಮಗನ ಕೊರಳಿಗೆ ಟೈ ಸುತ್ತಿ, ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟು ಹಾಕಿದರು. ಗಂಟು ಪುಟ್ಟದಾಗಿ ಚೆಂದವಿತ್ತು. ಆದರೆ ಅದು ಮತ್ತೆ ಸಡಿಲವಾಗುವ ಗಂಟಲ್ಲ, ಎಳೆದಷ್ಟೂ ಬಿಗಿಯುವ ಗಂಟು.

ಬಸ್ಸು ಜೂರಾಲ ಅಣೆಕಟ್ಟು ದಾಟುವಾಗ ಗಾಳಿಗೆ ಹಾರಿದ ಟೈಯನ್ನು ಸಾರ್ ಎಳೆದೆಳೆದು ಸರಿಮಾಡಿಕೊಂಡರು. ಗದ್ವಾಲದಲ್ಲಿ ಇಳಿಯುವ ಹೊತ್ತಿಗೆ ಅವರ ಗದ್ದ ಕೆಳಗೆ ಬಾಗುತ್ತಿರಲಿಲ್ಲ.

ಪ್ರಶಾಂತಿ ಉಪ್ಪಿಟ್ಟು ತಂದಿಟ್ಟಳು. ಸಾರ್ ಮಾಳಿಗೆಯ ತೊಲೆ ನೋಡುತ್ತ ಕುಳಿತರು. ಮಾತಾಡಿಸಿದರೆ ಮೂಗಿನಲ್ಲೇ ಹೂಂ ಅಂದರು. ಪೆದ್ದಯ್ಯ ಚನ್ನವೀರಮ್ಮನ ಕಡೆ ತಿರುಗಿದರು.

"ಏನ್ ತಂಗೀ, ನಿಮ್ಮ ಹುಡುಗ ನಮ್ಮ ತೊಲಿ ನೋಡಾಕ ಬಂದಾನೇನು? ಹುಡುಗಿ ಕಡಿ ಕಣ್ಣ ಇಳಿಸವಲ್ಲ. ಇಷ್ಟು ಗರ್ವ ನಮಗ ಒಗ್ಗಂಗಿಲ್ಲ."

ಎಂದವರೇ ಎದ್ದು ನಿಂತರು. ಸಾರ್ ನನ್ನನ್ನೊಮ್ಮೆ ನೋಡಿದರು. ನಿಜ ಹೇಳಿದರೆ ಮಕ್ತಲದಲ್ಲಿ ಗಳಿಸಿದ ಹೆಸರು ಹೋಗುತ್ತದೆ, ಹೇಳದಿದ್ದರೆ ಹುಡುಗಿ ಹೋಗುತ್ತಾಳೆ.

"ಗರ್ವ ಅಲ್ರೀ ಮಾವಾರ," ಎಂದರು ಕೀರಲು ದನಿಯಲ್ಲಿ, "ಗಂಟು. ನನಗ ಟೈ ಕಟ್ಟಾಕ ಬರಂಗಿಲ್ಲ. ನಮ್ಮವ್ವ ಕಟ್ಯಾಳ."

ಪೆದ್ದಯ್ಯ ಬಗ್ಗಿ ಗಂಟು ಮುಟ್ಟಿ ನೋಡಿದರು. "ಮಗ್ಗದ ಗಂಟು ಕೊರಳಿಗಿ ಹಾಕೀಯೇನ್ ತಂಗೀ? ಮಗಾ ಬ್ಯಾಡಾಗಿದ್ನೇನು?" ಎಂದವರು ನಗು ತಡೆಯಲಾರದೆ ಮತ್ತೆ ಕುಳಿತುಬಿಟ್ಟರು.

ಪ್ರಶಾಂತಿ ಮಗ್ಗದ ಬಳಿಯಿಂದ ಕತ್ತರಿ ತಂದಳು. ಕತ್ತಿನ ಹಿಂದೆ, ಕಾಲರಿನ ಒಳಗೆ ಕತ್ತರಿಸಿದಳು.

"ಅಂಗಿಗಿ ಚಂದ ಹೊಂದೈತ್ರಿ. ಅದಕ್ಕ ಮುಂದ ಕತ್ತರಿ ಹಚ್ಚಲಿಲ್ಲ," ಎಂದಳು.

ಸಾರ್ ಗದ್ದ ಇಳಿಸಿ ಅವಳನ್ನು ನೋಡಿದರು. "ನನಗ ಒಪ್ಪಿಗಿ ಐತ್ರಿ."

"ಯಾರೂ ಕೇಳಿಲ್ಲೋ ಯಪ್ಪಾ," ಎಂದರು ಪೆದ್ದಯ್ಯ. "ಮೊದ್ಲ ಉಸರಾಡು."

ಈಗಲೂ ಮದುಮಗಂದಿರು ಬರುತ್ತಾರೆ. ಸಾರ್ ಬಣ್ಣ ಆರಿಸುತ್ತಾರೆ, ವಿಡಿಯೋ ನೋಡಿ ಕಲಿತ ಪ್ರಶಾಂತಿ ಗಂಟು ಹಾಕಿಕೊಡುತ್ತಾಳೆ. ಬೀರುವಿಗೆ ಬೀಗವಿಲ್ಲ. ಅದರ ಮುಂದೆ ಹಾದುಹೋಗುವಾಗ ಚನ್ನವೀರಮ್ಮ ಮಾತ್ರ ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ.