ಶುಕ್ರವಾರದ ಸುಂಕ

ಆಟದ ರೈಲಿನ ಚಕ್ರಕ್ಕೂ ತೆರಿಗೆ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ. ಗೊತ್ತಾದ ದಿನ ಪೋಸ್ಟ್‌ಮ್ಯಾನ್ ಜೊತೆ ಜಗಳಕ್ಕೇ ನಿಂತಿದ್ದೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಪೊಟ್ಟಣ. ಅದರ ಬೆಲೆಯನ್ನು ನಮ್ಮ ಮನೆಯವರು ಮೊದಲೇ ಕಾರ್ಡಿನಲ್ಲಿ ಕಟ್ಟಿದ್ದರು, ಕಳಿಸುವ ಖರ್ಚನ್ನೂ ಕಟ್ಟಿದ್ದರು. ಈಗ ಬಾಗಿಲಲ್ಲಿ ನಿಂತ ಈ ಮನುಷ್ಯ ಕಸ್ಟಮ್ಸ್ ಸುಂಕ ಬೇರೆ, ಅದರ ಮೇಲೆ ಜಿಎಸ್‌ಟಿ ಬೇರೆ ಕೊಡಿ ಅನ್ನುತ್ತಿದ್ದಾನೆ.

"ನಾವೇನು ಚಿನ್ನ ತರಿಸಿದೀವೇನಪ್ಪ?" ಅಂದೆ.

"ನನ್ನ ಕೇಳಿದ್ರೆ ನಾನೇನ್ ಹೇಳ್ಲಿ ಅಕ್ಕಾ? ಚೀಟಿ ಅಂಟಿಸ್ಕಂಡೇ ಬಂದೈತೆ. ನಾನು ಇಸ್ಕಂಡು ಕಟ್ಟೋನು ಅಷ್ಟೆ."

ಒಳಗಿಂದ ನಮ್ಮ ಮನೆಯವರು ಬಂದು, ಕಮಕ್ ಕಿಮಕ್ ಅನ್ನದೆ ದುಡ್ಡು ಕೊಟ್ಟು, ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದು ಅವರ ಕಸುಬಿನ ಅಭ್ಯಾಸ. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಕಾಯಿ ಒಳಗೇ ಒಣಗಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ಅದನ್ನು ಕಿವಿ ಹತ್ತಿರ ಅಲ್ಲಾಡಿಸಬೇಕು. ಒಳಗೆ ಲೊಟಲೊಟ ಅಂದರೆ ಒಡೆಯಬಹುದು. ಜೀವಮಾನವೆಲ್ಲ ಹಾಗೆ ಅಲ್ಲಾಡಿಸಿದ ಮನುಷ್ಯನಿಗೆ ಇಂಗ್ಲೆಂಡಿನಿಂದ ಬಂದ ಚಕ್ರವೂ ಕಾಯಿಯ ಥರವೇ ಕಂಡಿತು.

ಮಂಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಇವರಿಗೆ ಹತ್ತಿದ ಹುಚ್ಚು ಇದು. ಮನೆಯ ಮೇಲಿನ ಅಟ್ಟದಲ್ಲಿ ಮೊದಲು ಕಾಯಿ ಒಣಗುತ್ತಿದ್ದವು. ಆ ಅಟ್ಟ ಖಾಲಿಯಾಗಿದ್ದೇ ತಡ, ಅಲ್ಲಿ ಹಲಗೆ ಹಾಕಿ, ಹಳಿ ಕೂರಿಸಿ, ನಮ್ಮೂರ ಹಳೇ ರೈಲ್ವೆ ಸ್ಟೇಷನ್ನನ್ನು ಸಣ್ಣದಾಗಿ ಕಟ್ಟತೊಡಗಿದರು. ಈಗಿನದಲ್ಲ, ಮೀಟರ್ ಗೇಜ್ ಇದ್ದ ಕಾಲದ್ದು. ಎಂಜಿನ್ನಿನ ಮೈಯನ್ನು ಹಿತ್ತಾಳೆ ತಗಡು ಕತ್ತರಿಸಿ ತಾವೇ ಮಾಡುತ್ತಿದ್ದರು. ಚಕ್ರ, ಗೇರು ಮಾತ್ರ ಇಲ್ಲಿ ಸಿಗುತ್ತಿರಲಿಲ್ಲ. ಅವನ್ನು ಇಂಗ್ಲೆಂಡಿನ ಒಬ್ಬ ಮುದುಕರು ಮನೆಯಲ್ಲೇ ಮಾಡಿ ಮಾರುತ್ತಿದ್ದರು. ಒಮ್ಮೆ ಆ ಮುದುಕರು, ಉಡುಗೊರೆ ಅಂತ ಬರೆದು ಬೆಲೆ ಕಡಿಮೆ ತೋರಿಸಲೇ, ಸುಂಕ ಉಳಿಯಬಹುದು ಅಂತ ಕೇಳಿದರು. ನಾನು ಹೂಂ ಅನ್ನಿ ಅಂದೆ. ಇವರು ನನ್ನ ಮುಖವನ್ನೇ ನೋಡಿದರು.

"ಸೆಸ್ ಕಟ್ದೆ ಒಂದು ಮೂಟೆ ಕೊಬ್ಬರಿ ಆಚೆ ಕಳಿಸಿದೀನೇನೇ ನಾನು? ಈಗ ಒಂದು ಚಕ್ರಕ್ಕೆ ಸುಳ್ಳು ಹೇಳ್ಲಾ? ಸುಂಕ ಕಟ್ಟಿದ್ ಮೇಲೇನೆ ಅದು ನಮ್ದು ಅನ್ನಿಸ್ಕೊಳ್ಳೋದು ಕಣೇ."

ನನಗೆ ರೇಗಿತು. ಆದರೆ ಅಟ್ಟ ಹತ್ತಿ ಆ ಸ್ಟೇಷನ್ ನೋಡಿದಾಗಲೆಲ್ಲ ರೇಗಿದ್ದು ಇಳಿದುಹೋಗುತ್ತಿತ್ತು. ನಾನು ಹಳೇಬೀಡಿನವಳು. ಆ ಊರಿಗೆ ರೈಲಿಲ್ಲ. ಬಸ್ಸಿನಲ್ಲಿ ಬಂದ ಮದುವಣಗಿತ್ತಿ ನಾನು, ಅರಸೀಕೆರೆಯಲ್ಲೇ ಮೊದಲ ಬಾರಿ ರೈಲು ಕಂಡವಳು. ಮದುವೆಯಾದ ಹೊಸದರಲ್ಲಿ ಇವರು ಮಂಡಿ ಕೆಲಸ ಅಂತ ಅತ್ತೆಗೆ ಸುಳ್ಳು ಹೇಳಿ (ಆಗ ಸುಳ್ಳು ನಡೆಯುತ್ತಿತ್ತು ನೋಡಿ) ನನ್ನನ್ನು ಹಾಸನದ ರೈಲು ಹತ್ತಿಸುತ್ತಿದ್ದರು. ಹಾಸನದಲ್ಲಿ ನಮಗೇನೂ ಕೆಲಸವಿಲ್ಲ. ಸ್ಟೇಷನ್ನಿನಲ್ಲೇ ಒಂದು ಕಾಫಿ, ವಾಪಸ್ ಬರುವ ರೈಲಿಗೆ ಕಾಯುವುದು. ಕಿಟಕಿಯ ಹತ್ತಿರ ಕೂರಬೇಡ ಅಂದರೂ ನಾನು ಕೂರುತ್ತಿದ್ದೆ, ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದು ಅಳುತ್ತಿದ್ದೆ. ಇವರು ಕರವಸ್ತ್ರದ ತುದಿ ಹುರಿ ಮಾಡಿ, ಕುಲುಕುವ ರೈಲಿನಲ್ಲಿ, ನನ್ನ ರೆಪ್ಪೆ ಎತ್ತಿ, ಒಂದೇ ಸಲಕ್ಕೆ ಆ ಕಸ ತೆಗೆಯುತ್ತಿದ್ದರು. ಎದುರಿಗೆ ಕೂತವರು ನೋಡುತ್ತಾರೆ ಅಂತ ನನಗೆ ನಾಚಿಕೆ, ಕೈ ತೆಗೆದುಬಿಡುತ್ತಾರೆ ಅಂತ ಬೇಸರ. ಆ ಹಳಿಗಳನ್ನು ಕಿತ್ತು ದೊಡ್ಡ ಗೇಜು ಹಾಕಿದಾಗ ಊರಿಗೆ ಊರೇ ಖುಷಿಪಟ್ಟಿತು. ಇವರೊಬ್ಬರು ಮಾತ್ರ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ನಮ್ಮ ಮನೆಯ ಶುಕ್ರವಾರದ ವಿಷಯ ಹೇಳಬೇಕು. ಶುಕ್ರವಾರ ಮನೆಯಿಂದಾಗಲಿ ಮಂಡಿಯಿಂದಾಗಲಿ ದುಡ್ಡು ಹೊರಗೆ ಹೋಗುವಂತಿಲ್ಲ. ಲಕ್ಷ್ಮಿ ಬರುವ ದಿನ, ಕಳಿಸುವ ದಿನವಲ್ಲ. ಕಾಯಿ ಹಾಕಿದ ರೈತರೂ ಶುಕ್ರವಾರ ಇವರ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ, ಶನಿವಾರ ಬರುತ್ತಿದ್ದರು. ನಾನೇನಾದರೂ ಸೊಪ್ಪಿನವಳಿಗೆ ಚಿಲ್ಲರೆ ಕೊಟ್ಟರೂ ಮುಖ ಗಂಟಿಕ್ಕುತ್ತಿದ್ದರು. ಎರಡನೇ ಪೊಟ್ಟಣ ಬಂದಿದ್ದು ಅಂಥ ಶುಕ್ರವಾರವೇ. ಇವರು ಪೊಟ್ಟಣವನ್ನು ಆಸೆಯಿಂದ ನೋಡಿದರು, ಮುಟ್ಟಲಿಲ್ಲ.

"ನಾಳೆ ತಂದ್ಬಿಡಪ್ಪ."

ಪೋಸ್ಟ್‌ಮ್ಯಾನ್ ಮೊಬೈಲ್ ತೆಗೆದು, "ಫೋನಲ್ಲೇ ಹಾಕ್ಬಿಡಿ ಸ್ವಾಮಿ. ಇದ್ರಲ್ಲಿ ದುಡ್ಡು ಕಣ್ಣಿಗೇ ಕಾಣಾಕಿಲ್ಲ" ಅಂದ.

"ಕಣ್ಣಿಗೆ ಕಾಣ್ದಿದ್ರೆ ಏನಾಯ್ತೋ? ಲಕ್ಷ್ಮಿ ಹೋಗೋದು ಹೋಗ್ತಾಳಲ್ಲ."

ಮಾರನೆಯ ದಿನ ನಮ್ಮ ತವರಿನಲ್ಲಿ ಗೃಹಪ್ರವೇಶ ಅನ್ನುವುದು ಆ ಹೊತ್ತಿಗೆ ಇಬ್ಬರಿಗೂ ನೆನಪಾಗಲಿಲ್ಲ. ಬೆಳಗಿನ ಜಾವವೇ ಬೀಗ ಹಾಕಿ ಹೊರಟೆವು. ಹಳೇಬೀಡು ಮುಗಿಸಿ, ಬೇಲೂರಿನ ನನ್ನ ಅಕ್ಕನ ಮನೆಗೂ ಹೋಗಿ, ಅವಳ ಬಲವಂತಕ್ಕೆ ಅಲ್ಲೇ ಇನ್ನೊಂದು ವಾರ ಇದ್ದು, ನಾವು ಆರಾಮವಾಗಿ ವಾಪಸ್ ಬರುವಷ್ಟರಲ್ಲಿ ಪೊಟ್ಟಣ ಬಂದ ದಾರಿಗೆ ಸುಂಕವಿಲ್ಲ ಅಂತ ಇಂಗ್ಲೆಂಡಿನ ಹಾದಿ ಹಿಡಿದಿತ್ತು. ಬಾಗಿಲು ತೆರೆಯುವವರಿಲ್ಲದೆ ವಾಪಸ್ ಕಳಿಸಿದ್ದರು. ಇವರು ಆ ಮುದುಕರಿಗೆ ಶುಕ್ರವಾರ, ಲಕ್ಷ್ಮಿ, ಗೃಹಪ್ರವೇಶ ಎಲ್ಲವನ್ನೂ ವಿವರಿಸಿ ಬರೆದರು. ಪುಣ್ಯಾತ್ಮ ಬೇಸರ ಮಾಡಿಕೊಳ್ಳದೆ ಮತ್ತೆ ಕಳಿಸಿದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಇವರಿಗೂ ನಗು ಬಂತು. ಆಮೇಲೆ ಪೋಸ್ಟ್‌ಮ್ಯಾನೇ ಹುಷಾರಾದ. ನಮ್ಮ ಪೊಟ್ಟಣ ಶುಕ್ರವಾರ ಬಂದರೆ ಆಫೀಸಿನಲ್ಲೇ ಇಟ್ಟು, ಶನಿವಾರ ತರುತ್ತಿದ್ದ.

ಹೀಗೆ ನಗುನಗುತ್ತ ಕೆಲವು ವರ್ಷ ಹೋದವು. ಒಂದು ದಿನ ಇವರ ಕಾಫಿ ಲೋಟ ತಟ್ಟೆಗೆ ತಾಗಿ ಕಟಕಟ ಅಂದಿತು. ಬಲಗೈ ನಡುಗುತ್ತಿತ್ತು. ಹಾಸನದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ನಿಧಾನಕ್ಕೆ ಹೆಚ್ಚುತ್ತಾ ಹೋಗುವಂಥದ್ದು, ವಾಸಿಯಾಗುವಂಥದ್ದಲ್ಲ ಅಂದರು. ವಾಪಸ್ ಬರುವಾಗ ರೈಲಿನಲ್ಲಿ ನಾವಿಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತೆವು. ಮನೆಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ. ನಾನು ಲೋಟಕ್ಕೆ ಅರ್ಧ ಕಾಫಿ ಹಾಕತೊಡಗಿದೆ. ಅರ್ಧ ಯಾಕೆ ಅಂತ ಇವರು ಕೇಳಲಿಲ್ಲ. ಇವರಿಗೆ ಅಷ್ಟಾಗಿ ತಟ್ಟಿಲ್ಲವೇನೋ, ತಿಳಿದೇ ಇಲ್ಲವೇನೋ ಅಂದುಕೊಂಡು ನಾನೊಬ್ಬಳೇ ಬಚ್ಚಲುಮನೆಯಲ್ಲಿ ಅಳುತ್ತಿದ್ದೆ.

ಆಗ ಅಟ್ಟದಲ್ಲಿ ಅರ್ಧ ಆಗಿದ್ದುದು ಹಾಸನದ ರೈಲಿನ ಎಂಜಿನ್. ಮೈಯೆಲ್ಲ ಮುಗಿದಿತ್ತು, ಕಪ್ಪು ಬಣ್ಣವೂ ಆಗಿತ್ತು, ಚಕ್ರ ಬರಬೇಕಿತ್ತು. ಸಾಸಿವೆಕಾಳಿನಂಥ ಸ್ಕ್ರೂಗಳು ಅದಕ್ಕೆ. ಕೈ ನಡುಗಿದ ದಿನ ಇವರು ಅಟ್ಟ ಹತ್ತಿ ಸುಮ್ಮನೆ ಕೂತು ಇಳಿದು ಬರುತ್ತಿದ್ದರು. ಕೈ ಸುಮ್ಮನಿದ್ದ ದಿನ ಕೆಲಸ. ಅಂಥ ದಿನಗಳು ಕಡಿಮೆಯಾಗುತ್ತಿದ್ದವು. ಈ ಒಂದು ಎಂಜಿನ್ನಾದರೂ ಇವರ ಕೈಯಲ್ಲೇ ಮುಗಿಯಲಿ ತಾಯಿ ಅಂತ ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಯಾವುದೋ ಮದುವೆ ಕಾಗದ ಕೊಡಲು ಬಂದ.

"ನಿಮ್ಮ ಪಾರ್ಸಲ್ಲೂ ಬಂದೈತೆ ಸ್ವಾಮಿ. ಶುಕ್ರವಾರ ಅಲ್ವಾ, ಆಫೀಸಲ್ಲೇ ಮಡಗಿವ್ನಿ. ನಾಳೆ ತತ್ತೀನಿ" ಅಂದು ಸೈಕಲ್ ಹತ್ತಿದ.

ಇವರು ಹೂಂ ಅಂದು ಒಳಗೆ ಬಂದರು. ಕುರ್ಚಿಯಲ್ಲಿ ಕೂತರು, ಎದ್ದರು. ಅಂಗಿ ಹಾಕಿಕೊಂಡು, ಬೀರುವಿನಿಂದ ದುಡ್ಡು ತೆಗೆದುಕೊಂಡು, ಚಪ್ಪಲಿ ಮೆಟ್ಟಿದರು. ನಾನು ಹೊಸಿಲಿಗೆ ಕುಂಕುಮ ಇಡುತ್ತಿದ್ದವಳು ತಲೆ ಎತ್ತಿದೆ.

"ಎಲ್ಲಿಗ್ರೀ?"

"ಪೋಸ್ಟಾಫೀಸಿಗೆ. ಸುಂಕ ಕಟ್ಟಿ ತಂದ್ಬಿಡ್ತೀನಿ."

"ರೀ, ಇವತ್ತು ಶುಕ್ರವಾರ ಕಣ್ರೀ!"

"ಗೊತ್ತು ಕಣೇ." ಬಲಗೈಯನ್ನು ನನ್ನ ಮುಂದೆ ಚಾಚಿದರು. ಅದು ನಡುಗುತ್ತಿರಲಿಲ್ಲ. "ಇವತ್ತು ಕೈ ನಿಂತೈತೆ. ನಾಳೆ ಹೆಂಗಿರ್ತದೋ."

ಇವರಿಗೆ ಎಲ್ಲ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು. ಅಷ್ಟು ದಿನ ನನ್ನ ಮುಂದೆ ಸುಮ್ಮನಿದ್ದರು, ಅಷ್ಟೆ. ಕುಂಕುಮದ ಬಟ್ಟಲನ್ನು ಅಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಇರಿ, ನಾನೂ ಬರ್ತೀನಿ" ಅಂದೆ. ಇಬ್ಬರೂ ಆಟೋದಲ್ಲಿ ಹೋದೆವು. ಇವರು ಪೋಸ್ಟಾಫೀಸಿನ ಕಿಟಕಿಯೊಳಕ್ಕೆ ನೋಟು ಚಾಚಿದಾಗ, ಉಳಿದ ಕಾಗದಕ್ಕೆ ಅಂತ ವಾಪಸ್ ಬಂದು ವಿಂಗಡಿಸುತ್ತಾ ಕೂತಿದ್ದ ನಮ್ಮ ಪೋಸ್ಟ್‌ಮ್ಯಾನ್ ಎದ್ದೇ ನಿಂತುಬಿಟ್ಟ. ಅವನು ಏನೋ ಕೇಳಬೇಕೆಂದು ಬಾಯಿ ತೆರೆದ. ನನ್ನ ಮುಖ ನೋಡಿ, ಪೊಟ್ಟಣ ತರಲು ಒಳಗೆ ಹೋದ.

ಮಧ್ಯಾಹ್ನದ ಊಟವನ್ನೂ ಮಾಡದೆ ಇವರು ಅಟ್ಟದಲ್ಲಿ ಕೂತರು. ನಾನು ಪಕ್ಕದಲ್ಲಿ ಮೊಬೈಲಿನ ಬೆಳಕು ಹಿಡಿದಿದ್ದೆ. ಒಂದೊಂದೇ ಚಕ್ರ ಕೂತಿತು. ಇವರು ಉಸಿರು ಬಿಗಿಹಿಡಿದರೆ ನಾನೂ ಬಿಗಿಹಿಡಿಯುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಒಂದೇ ಒಂದು ಸ್ಕ್ರೂ ಉಳಿದಿತ್ತು. ಇವರು ಅದನ್ನು ಚಿಮಟದಲ್ಲಿ ಎತ್ತಿದರು. ಕೈ ನಡುಗಲು ಶುರುವಾಯಿತು. ಸ್ಕ್ರೂ ಕೆಳಗೆ ಬಿತ್ತು. ಹುಡುಕಿ ಕೊಟ್ಟೆ. ಮತ್ತೆ ಬಿತ್ತು. ಇವರು ಸ್ವಲ್ಪ ಹೊತ್ತು ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತರು. ಅದು ನಿಲ್ಲಲಿಲ್ಲ.

ಆ ಹಲಗೆಯ ಮೇಲಿನ ಒಂದು ಹುಲ್ಲುಕಡ್ಡಿಯನ್ನೂ ನನಗೆ ಮುಟ್ಟಲು ಬಿಡದ ಮನುಷ್ಯ ಸ್ಕ್ರೂಡ್ರೈವರನ್ನು ನನ್ನ ಕಡೆಗೆ ಚಾಚಿದರು.

"ನೀನೇ ಹಾಕು ಕಣೇ."

ಕಣ್ಣು ಮಂಜಾಗಿ ಸ್ಕ್ರೂ ಎಲ್ಲಿದೆ ಅಂತಲೇ ಕಾಣಲಿಲ್ಲ. "ನಿಧಾನ, ನಿಧಾನ. ಎಡಕ್ಕಲ್ಲ, ಬಲಕ್ಕೆ ತಿರುಗ್ಸು" ಅಂತ ಬೈಯುತ್ತಲೇ ಇದ್ದರು. ನಾನು ಬಲಕ್ಕೆ ತಿರುಗಿಸಿದೆ.